ತಡವಾದ ಗಾಡಿಯ ಬಾಕಿ ಲೆಕ್ಕ

ಎತ್ತಿನ ಗಾಡಿ ಯಾವತ್ತೂ 'ಲೇಟು' ಆದದ್ದಿಲ್ಲ. ಹೊತ್ತು ಮುಳುಗುವುದರೊಳಗೆ ಊರು ಸೇರಿದರೆ ಸಂತೋಷ. ಸೇರದಿದ್ದರೆ ದಾರಿಯ ಛತ್ರದಲ್ಲೋ ಗುಡಿಯ ಜಗಲಿಯ ಮೇಲೋ ರಾತ್ರಿ ಕಳೆದು ಬೆಳಿಗ್ಗೆ ಮುಂದುವರಿದರಾಯಿತು. ಹೊಳೆ ತುಂಬಿದ್ದರೆ ಇಳಿಯುವ ತನಕ ದಡದಲ್ಲಿ ಕೂತು ಬುತ್ತಿ ಬಿಚ್ಚುವುದು. ಇದಕ್ಕಾಗಿ ಗಾಡಿಯವನ ಮೇಲೆ ಯಾರೂ ದಾವೆ ಹೂಡಲಿಲ್ಲ. ಊರು ಮುಟ್ಟಿಸುತ್ತೇನೆ ಎಂದು ಅವನು ಮಾತು ಕೊಟ್ಟಿರುತ್ತಿದ್ದನೇ ಹೊರತು ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಮುಟ್ಟಿಸುತ್ತೇನೆ ಎಂದಲ್ಲ. ಹಾಗೆ ಹೇಳಬೇಕೆಂದರೂ ಹೊರಡುವ ಊರಿನ ಹೊತ್ತು, ಸೇರುವ ಊರಿನ ಹೊತ್ತು ಎರಡೂ ಒಂದೇ ಆಗಿರಬೇಕಲ್ಲ!

ತಡವಾಗುವುದು ಎಂಬ ತಪ್ಪು ರೈಲಿನ ಜೊತೆಗೇ ಹುಟ್ಟಿತು. ಅದಕ್ಕೆ ಮೊದಲು ಎರಡು ವಸ್ತುಗಳು ಬೇಕಾಗಿದ್ದವು: ಎಲ್ಲ ಊರಿಗೂ ಒಂದೇ ಗಡಿಯಾರ, ಎಲ್ಲರ ಕೈಗೂ ಸಿಗುವ ಒಂದು ಅಚ್ಚಾದ ವೇಳಾಪಟ್ಟಿ. ಇಂಗ್ಲೆಂಡಿನಲ್ಲಿ ಬ್ರಾಡ್‌ಷಾ ಎಂಬಾತ 1839ರಲ್ಲಿ ರೈಲುಗಳ ವೇಳಾಪಟ್ಟಿಯ ಪುಸ್ತಕವನ್ನು ಮೊದಲ ಬಾರಿಗೆ ಅಚ್ಚು ಹಾಕಿಸಿದ. ಆಗ ಬ್ರಿಸ್ಟಲ್ ಊರಿನ ಗಡಿಯಾರ ಲಂಡನ್ನಿನದಕ್ಕಿಂತ ಸುಮಾರು ಹತ್ತು ನಿಮಿಷ ಹಿಂದೆ ಇರುತ್ತಿತ್ತು. ಗ್ರೇಟ್ ವೆಸ್ಟರ್ನ್ ಕಂಪನಿ 1840ರಲ್ಲಿ ತನ್ನ ಸ್ಟೇಷನ್ನುಗಳಿಗೆಲ್ಲ ಲಂಡನ್ನಿನ ಸಮಯವನ್ನೇ ಗೊತ್ತುಮಾಡಿತು. ದೇಶದ ಕಾನೂನು ಅದನ್ನು ಒಪ್ಪಿದ್ದು 1880ರಲ್ಲಿ. ನಮ್ಮಲ್ಲಿ 1870ರ ಸುಮಾರಿಗೆ ರೈಲುಗಳು ಮದರಾಸಿನ ಸಮಯವನ್ನು ಹಿಡಿದು ಓಡತೊಡಗಿದವು; 1906ರ ಜನವರಿ 1ರಿಂದ ಇಡೀ ಭಾರತಕ್ಕೆ ಒಂದು ಸಮಯವೆಂದಾಯಿತು. ಹೀಗೆ ಗಡಿಯಾರಗಳು ಒಂದಾದ ಮೇಲೆ ಸ್ಟೇಷನ್ನಿನಲ್ಲಿ ನಿಂತವನು ಗೋಡೆ ಗಡಿಯಾರವನ್ನೂ ವೇಳಾಪಟ್ಟಿಯನ್ನೂ ಒಟ್ಟಿಗೆ ನೋಡಿ, 'ಇವರು ನನ್ನ ಹೊತ್ತು ಹಾಳು ಮಾಡಿದರು' ಎನ್ನುವಂತಾಯಿತು. ಅನ್ನುವುದು ಸುಲಭ. ಹಾಳಾದ ಹೊತ್ತಿಗೆ ಬೆಲೆ ಎಷ್ಟು, ಅದನ್ನು ಯಾರು ಕೊಡಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ಒಂದೂವರೆ ಶತಮಾನಕ್ಕಿಂತ ಹೆಚ್ಚು ಕಾಲ ಕಳೆದಿದೆ. ಆ ಕತೆಯನ್ನು ಇಲ್ಲಿ ಸ್ವಲ್ಪ ಹೇಳಬೇಕೆಂದಿದ್ದೇನೆ.

ಮೊದಲು ಎದ್ದ ಪ್ರಶ್ನೆ, ವೇಳಾಪಟ್ಟಿ ಎಂದರೇನು ಎಂಬುದು. ಅದು ಬರಿಯ ಸಮಾಚಾರವೋ, ಕೊಟ್ಟ ಮಾತೋ? ಡೆಂಟನ್ ಎಂಬ ಇಂಗ್ಲಿಷ್ ಗೃಹಸ್ಥನಿಗೆ ಹಲ್ ಎಂಬ ಊರಿನಲ್ಲಿ ಜರೂರು ಕೆಲಸವಿತ್ತು. ಗ್ರೇಟ್ ನಾರ್ದರ್ನ್ ಕಂಪನಿಯ ಮಾರ್ಚ್ ತಿಂಗಳ ವೇಳಾಪಟ್ಟಿಯಲ್ಲಿ ಸಂಜೆಯ ಗಾಡಿಯೊಂದು ಹಲ್‌ಗೆ ಹೋಗುವುದೆಂದು ಅಚ್ಚಾಗಿತ್ತು. ಅವನು ಅದನ್ನು ನಂಬಿ ಪೀಟರ್‌ಬರೋ ಸ್ಟೇಷನ್ನಿಗೆ ಬಂದ. ದಾರಿಯ ಕೊನೆಯ ತುಂಡು ಮತ್ತೊಂದು ಕಂಪನಿಯದು. ಆ ಕಂಪನಿ ಅಲ್ಲಿನ ಗಾಡಿಯನ್ನು ಮಾರ್ಚ್ 1ರಿಂದಲೇ ನಿಲ್ಲಿಸಿತ್ತು. ನಿಲ್ಲಿಸುತ್ತೇವೆಂದು ಗ್ರೇಟ್ ನಾರ್ದರ್ನಿಗೆ ಮುಂಚಿತವಾಗಿ ತಿಳಿಸಿಯೂ ಇತ್ತು. ಆದರೂ ಪಟ್ಟಿಯಲ್ಲಿ ಗಾಡಿ ಓಡುತ್ತಲೇ ಇತ್ತು. ಡೆಂಟನ್ನನಿಗಾದ ನಷ್ಟ 5 ಪೌಂಡು 10 ಶಿಲಿಂಗು. 1856ರಲ್ಲಿ ನ್ಯಾಯಾಲಯ ಅದನ್ನು ಕೊಡಿಸಿತು. ವೇಳಾಪಟ್ಟಿಯನ್ನು ಪ್ರಕಟಿಸುವುದೆಂದರೆ, ಬಂದು ಹಣ ಕೊಟ್ಟವರನ್ನು ಹೇಳಿದ ಊರಿಗೆ ಕರೆದುಕೊಂಡು ಹೋಗುತ್ತೇವೆ ಎಂದು ಸಾರ್ವಜನಿಕರಿಗೆ ಮಾತು ಕೊಟ್ಟಂತೆ ಎಂದು ಹೆಚ್ಚಿನ ನ್ಯಾಯಾಧೀಶರು ಹೇಳಿದರು. ಅದು ಕರಾರು ಹೌದೋ ಅಲ್ಲವೋ ಎಂದು ಒಬ್ಬರಿಗೆ ಅನುಮಾನವಿತ್ತು. ಆದರೆ ಇಲ್ಲದ ಗಾಡಿಯನ್ನು ಇದೆಯೆಂದು ಅಚ್ಚು ಹಾಕುವುದು ಸುಳ್ಳು ಎಂಬುದರಲ್ಲಿ ಅವರಿಗೂ ಅನುಮಾನವಿರಲಿಲ್ಲ.

ಕಂಪನಿಗಳು ಪಾಠ ಕಲಿತವು. ಗಾಡಿಗಳನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಪಾಠಕ್ಕಿಂತ, ವೇಳಾಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸುವ ಪಾಠ ಸುಲಭದ್ದು. ಹೊತ್ತಿಗೆ ಸರಿಯಾಗಿ ಓಡಿಸಲು ಸಾಧ್ಯವಿದ್ದಷ್ಟು ಗಮನ ಕೊಡುತ್ತೇವೆ, ತಡವಾದರೆ ಮಾತ್ರ ನಾವು ಹೊಣೆಯಲ್ಲ ಎಂಬ ಅರ್ಥದ ಸಾಲು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಳ್ಳುವ ಈ ಸಾಲಿನ ಪರೀಕ್ಷೆ 1876ರಲ್ಲಿ ಆಯಿತು. ಲೆ ಬ್ಲಾಂಶ್ ಎಂಬಾತ ಲಿವರ್‌ಪೂಲಿನಿಂದ ಕಡಲ ತೀರದ ಸ್ಕಾರ್‌ಬರೋಗೆ ಮೊದಲ ದರ್ಜೆಯ ಟಿಕೇಟು ಕೊಂಡಿದ್ದ. ದಾರಿಯಲ್ಲಿ ಗಾಡಿ ಸುಮ್ಮಸುಮ್ಮನೆ ತಡಮಾಡಿತು. ಹಿಡಿಯಬೇಕಾಗಿದ್ದ ಮುಂದಿನ ಗಾಡಿ ತಪ್ಪಿತು. ಯಾರ್ಕ್ ಸ್ಟೇಷನ್ನಿನಲ್ಲಿ ಕಾದಿದ್ದರೆ ಅದೇ ರಾತ್ರಿ ಮತ್ತೊಂದು ಗಾಡಿ ಇತ್ತು. ಆತ ಕಾಯಲಿಲ್ಲ. 11 ಪೌಂಡು 10 ಶಿಲಿಂಗು ತೆತ್ತು ತನ್ನೊಬ್ಬನಿಗಾಗಿ ಒಂದು ವಿಶೇಷ ರೈಲನ್ನೇ ಬಾಡಿಗೆಗೆ ಹಿಡಿದು, ಸುಮಾರು ಒಂದೂವರೆ ಗಂಟೆ ಮೊದಲೇ ಊರು ಸೇರಿದ. ಆ ಹಣವನ್ನು ಕಂಪನಿಯೇ ಕೊಡಬೇಕೆಂದು ದಾವೆ ಹೂಡಿದ.

ಕೆಳಗಿನ ನ್ಯಾಯಾಲಯಗಳು ಅವನ ಪರವಾಗಿ ನಿಂತವು, ಮೇಲಿನದು ಒಪ್ಪಲಿಲ್ಲ. ಕಂಪನಿ ಮಾತು ಮುರಿದದ್ದು ನಿಜ, ಸಣ್ಣ ಅಕ್ಷರದ ಸಾಲು ಅದನ್ನು ಪೂರ್ತಿ ಕಾಪಾಡದು ಎಂದು ಮೇಲಿನ ನ್ಯಾಯಾಲಯವೂ ಹೇಳಿತು. ಆದರೆ ಅದರ ಪ್ರಶ್ನೆ ಬೇರೆ. ಗಾಡಿ ತಪ್ಪಿದ್ದು ನಿನ್ನದೇ ತಪ್ಪಿನಿಂದಾಗಿದ್ದರೆ, ಹಣ ವಸೂಲು ಮಾಡಲು ಎದುರಿಗೆ ಯಾವ ಕಂಪನಿಯೂ ಇಲ್ಲದಿದ್ದರೆ, ಆಗಲೂ ನೀನು ನಿನ್ನ ಜೇಬಿನಿಂದ ವಿಶೇಷ ರೈಲು ತರಿಸುತ್ತಿದ್ದೆಯಾ? ಕಡಲ ದಂಡೆಯ ಊರಿಗೆ ಒಂದೂವರೆ ಗಂಟೆ ಮೊದಲು ಹೋಗಲು ಬುದ್ಧಿಯಿರುವ ಯಾರೂ ಹಾಗೆ ಮಾಡರು. ಆದ್ದರಿಂದ ಆ ಖರ್ಚು ಅವನದೇ. ಈ ಅಳತೆಗೋಲು ನನಗೆ ಬಹಳ ಹಿಡಿಸಿದೆ. ನಮ್ಮ ಹಿರಿಯರಾದರೆ ಇದನ್ನು ಒಂದು ಗಾದೆಯಲ್ಲಿ ಮುಗಿಸುತ್ತಿದ್ದರು: ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಇದು ಮೊದಲ ದರ್ಜೆಯವನ ಕತೆ. ಅದಕ್ಕೆ ಒಂದು ವರ್ಷ ಮೊದಲು, 1875ರಲ್ಲಿ ತೀರ್ಮಾನವಾದ ಇನ್ನೊಂದು ಮೊಕದ್ದಮೆಯಲ್ಲಿ ಗಂಡ, ಹೆಂಡತಿ, ಎರಡು ಚಿಕ್ಕ ಮಕ್ಕಳಿದ್ದಾರೆ. ಹಾಬ್ಸ್ ಎಂಬವರ ಸಂಸಾರ. ವಿಂಬಲ್ಡನ್ನಿನಲ್ಲಿ ನಡುರಾತ್ರಿಯ ಗಾಡಿ ಹತ್ತಿ ಹ್ಯಾಂಪ್ಟನ್ ಕೋರ್ಟಿಗೆ ಹೊರಟರು. ಲಂಡನ್ ಅಂಡ್ ಸೌತ್ ವೆಸ್ಟರ್ನ್ ಕಂಪನಿಯ ಆ ಗಾಡಿ ಅವರನ್ನು ಬೇರೆ ದಾರಿಯಲ್ಲಿ ಒಯ್ದು ಎಷರ್ ಎಂಬ ಸ್ಟೇಷನ್ನಿನಲ್ಲಿ ಇಳಿಸಿತು. ಆ ಅಪರಾತ್ರಿಯಲ್ಲಿ ಬಾಡಿಗೆ ಬಂಡಿ ಸಿಗಲಿಲ್ಲ, ಉಳಿಯಲು ಸ್ಥಳ ಸಿಗಲಿಲ್ಲ. ಜಿನುಗು ಮಳೆಯಲ್ಲಿ ನಾಲ್ಕೈದು ಮೈಲಿ ಮಕ್ಕಳನ್ನು ಕರೆದುಕೊಂಡು ನಡೆದೇ ಮನೆ ಸೇರಿದರು. ಹೆಂಡತಿಗೆ ಶೀತ ಹಿಡಿದು ಹಾಸಿಗೆ ಹಿಡಿಯುವಂತಾಯಿತು. ಗಂಡನ ವ್ಯಾಪಾರದಲ್ಲಿ ಕೈಜೋಡಿಸುತ್ತಿದ್ದವರು ಅದನ್ನು ಬಿಡಬೇಕಾಯಿತು. ವೈದ್ಯರ ಖರ್ಚೂ ಬಂತು. ಜ್ಯೂರಿಯವರು ಲೆಕ್ಕ ಹಾಕಿದರು: ರಾತ್ರಿಯ ನಡಿಗೆಯ ತೊಂದರೆಗೆ 8 ಪೌಂಡು, ಹೆಂಡತಿಯ ಕಾಯಿಲೆಗೆ 20 ಪೌಂಡು, ಒಟ್ಟು 28.

ನ್ಯಾಯಾಧೀಶರು 8 ಪೌಂಡನ್ನು ಉಳಿಸಿ 20 ಪೌಂಡನ್ನು ಹೊಡೆದುಹಾಕಿದರು. ತಪ್ಪು ಸ್ಟೇಷನ್ನಿನಲ್ಲಿ ಇಳಿಸಿದರೆ ನಡೆಯಬೇಕಾಗುತ್ತದೆ ಎಂಬುದು ಯಾರಿಗೂ ತಿಳಿದ ಮಾತು. ಆದರೆ ನಡೆದವರಿಗೆ ಶೀತ ಹಿಡಿಯುತ್ತದೆ ಎಂಬುದು ಕರಾರಿನ ಹೊತ್ತಿಗೆ ಎರಡು ಕಡೆಯವರ ಮನಸ್ಸಿನಲ್ಲೂ ಇರಲಾರದ, ಬಹುದೂರದ ಪರಿಣಾಮ ಎಂದರು. ಈ 'ದೂರ'ದ ತತ್ವ ಬಂದದ್ದು 1854ರ ಇನ್ನೊಂದು ತೀರ್ಪಿನಿಂದ. ಗ್ಲಾಸ್ಟರಿನ ಒಂದು ಹಿಟ್ಟಿನ ಗಿರಣಿಯ ಮುರಿದ ದಂಡವನ್ನು ಸಾಗಿಸಲು ಸಾಗಣೆಯವರು ತಡಮಾಡಿದ್ದರು. ಅಷ್ಟು ದಿನ ಗಿರಣಿ ನಿಂತದ್ದರ ನಷ್ಟ ಕೊಡಿಸಲು ಆ ನ್ಯಾಯಾಲಯ ಒಪ್ಪಿರಲಿಲ್ಲ. ಮಾತು ಮುರಿದವನು ಸಹಜವಾಗಿ ಆಗುವ ನಷ್ಟಕ್ಕೆ, ಅಥವಾ ಮಾತು ಕೊಡುವಾಗಲೇ ತನಗೆ ತಿಳಿದಿದ್ದ ನಷ್ಟಕ್ಕೆ ಮಾತ್ರ ಹೊಣೆ ಎಂಬುದು ಅದರ ಸಾರ.

ಆರು ವರ್ಷ ಕಳೆದ ಮೇಲೆ, 1881ರಲ್ಲಿ, ಅದೇ ದೇಶದಲ್ಲಿ ಬೇರೊಬ್ಬನ ವ್ಯಾಜ್ಯ ಬಂತು. ಸಂತೆಯ ಕಾಲಕ್ಕೆಂದು ಅವನು ಕುದುರೆಗಳಿಗಾಗಿ ಲಾಯ ಗೊತ್ತುಮಾಡಿಕೊಂಡಿದ್ದ. ಲಾಯದ ಯಜಮಾನ ಅದೇ ಜಾಗವನ್ನು ಇನ್ನೊಬ್ಬನಿಗೂ ಒಪ್ಪಿಸಿದ್ದರಿಂದ ಕುದುರೆಗಳನ್ನು ಹೊರಗೆ ಅಟ್ಟಲಾಯಿತು. ಹೊರಗೆ ನಿಂತ ಕೆಲವಕ್ಕೆ ಶೀತ ಹಿಡಿಯಿತು, ಬೆಲೆ ಇಳಿಯಿತು. ಮೇಲಿನ ನ್ಯಾಯಾಲಯ ಕುದುರೆಗಳ ಶೀತಕ್ಕೆ ಪರಿಹಾರ ಕೊಡಿಸಿತು. ಹೊರಗೆ ನಿಲ್ಲಿಸಿದರೆ ಶೀತ ಹಿಡಿಯುವುದು ಸಹಜವೇ ಎಂದಿತು. ಹಾಬ್ಸ್ ಹೆಂಡತಿಯ ವಿಷಯದಲ್ಲಿ ಅದು ಹೇಗೆ ಸಹಜವಲ್ಲದ್ದಾಯಿತು ಎಂಬ ಪ್ರಶ್ನೆ ಅಲ್ಲಿ ಬಾರದೆ ಹೋಗಲಿಲ್ಲ. ಆ ಹಳೆಯ ತೀರ್ಪಿನ ಬಗ್ಗೆ ಅಲ್ಲಿಯೇ ಅಸಮಾಧಾನದ ಮಾತು ಬಂತು. ಆದರೆ ಆ ತಾಯಿಗೆ ಅದರಿಂದ ಏನೂ ಆಗುವ ಹಾಗಿರಲಿಲ್ಲ. ಕುದುರೆಯ ಶೀತ ಹತ್ತಿರದ್ದು, ಹೆಂಗಸಿನ ಶೀತ ದೂರದ್ದು ಎಂದು ಪುಸ್ತಕದಲ್ಲಿ ಉಳಿದುಹೋಯಿತು.

ಆದರೂ ಆ 8 ಪೌಂಡನ್ನು ಹಗುರವಾಗಿ ಕಾಣಬಾರದು. ಕೈಯಿಂದ ಒಂದು ಕಾಸೂ ಖರ್ಚಾಗಿರದಿದ್ದರೂ, ಮಳೆಯಲ್ಲಿ ಮಕ್ಕಳೊಡನೆ ನಡೆದದ್ದೇ ಒಂದು ನಷ್ಟ, ಅದಕ್ಕೂ ಬೆಲೆ ಉಂಟು ಎಂದು ನ್ಯಾಯಾಲಯ ಒಪ್ಪಿದ್ದು ದೊಡ್ಡ ಮಾತು. 2001ರಲ್ಲಿ ಬ್ರಿಟನ್ನಿನ ಅತ್ಯುನ್ನತ ಪೀಠ ವಿಮಾನಗಳ ಸದ್ದಿನಿಂದ ನೆಮ್ಮದಿ ಕಳೆದುಕೊಂಡ ಮನೆಯೊಡೆಯನೊಬ್ಬನ ವ್ಯಾಜ್ಯವನ್ನು ವಿಚಾರಿಸುವಾಗಲೂ ಹಾಬ್ಸ್ ಸಂಸಾರದ ಆ ರಾತ್ರಿಯ ನಡಿಗೆ ಚರ್ಚೆಗೆ ಬಂತು. 126 ವರ್ಷಗಳ ತರುವಾಯ!

ಈಗ ನಮ್ಮ ಕಡೆಗೆ ಬರೋಣ. 1853ರ ಏಪ್ರಿಲ್ 16ರಂದು ಬೊಂಬಾಯಿಯ ಬೋರಿ ಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿ ಹೊರಟಿತು. 1864ರಲ್ಲಿ ಜೋಲಾರಪೇಟೆಯ ಕಡೆಯಿಂದ ಬೆಂಗಳೂರು ದಂಡಿಗೆ ಮದರಾಸು ಕಂಪನಿಯ ಹಳಿ ಬಂತು. ಆ ಕಾಲದಲ್ಲಿ ಇಲ್ಲಿ ರೈಲು ಹಾಕಿದ ಕಂಪನಿಗಳಿಗೆ ಸರ್ಕಾರ ಒಂದು ಭರವಸೆ ಕೊಟ್ಟಿತ್ತು: ಹೂಡಿದ ಬಂಡವಾಳಕ್ಕೆ ನೂರಕ್ಕೆ 5ರಂತೆ ಬಡ್ಡಿ. ಲಾಭ ಬರಲಿ ಬಿಡಲಿ, ಕೊರತೆ ಬಿದ್ದರೆ ಈ ದೇಶದ ಕಂದಾಯದಿಂದ ತುಂಬಿಕೊಡುವುದು. ಲಂಡನ್ನಿನಲ್ಲಿ ಕೂತ ಷೇರುದಾರನ ಹಣ ಹೊತ್ತಿಗೆ ಸರಿಯಾಗಿ ಸೇರುತ್ತದೆ ಎಂಬುದಕ್ಕೆ ಖಾತ್ರಿ ಇತ್ತು. ಆ ಕಂದಾಯ ಕಟ್ಟಿದ ರೈತ ಗಾಡಿ ಹತ್ತಿದರೆ ಅವನು ಹೊತ್ತಿಗೆ ಸರಿಯಾಗಿ ಸೇರುತ್ತಾನೆ ಎಂಬುದಕ್ಕೆ ಖಾತ್ರಿ ಇರಲಿಲ್ಲ. ನಮ್ಮ ರೈಲಿನ ಚರಿತ್ರೆಯನ್ನು ಒಂದೇ ವಾಕ್ಯದಲ್ಲಿ ಹೇಳು ಎಂದರೆ ನಾನು ಇದನ್ನೇ ಹೇಳುತ್ತೇನೆ.

1872ರಲ್ಲಿ ಭಾರತೀಯ ಕರಾರು ಕಾಯಿದೆ ಬಂತು. ಗಿರಣಿ ಮೊಕದ್ದಮೆಯ ತತ್ವವೇ ಅದರ 73ನೆಯ ಕಲಮಾಯಿತು. ಕಲಮಿನ ಕೆಳಗೆ ಕೊಟ್ಟಿರುವ ಉದಾಹರಣೆಗಳಲ್ಲಿ ಒಬ್ಬ ಪ್ರಯಾಣಿಕನೂ ಇದ್ದಾನೆ. ಆತ ಕಲ್ಕತ್ತೆಯಿಂದ ಸಿಡ್ನಿಗೆ ಹೋಗಲು ಜನವರಿ 1ಕ್ಕೆ ಹೊರಡುವ ಹಡಗಿಗೆ ಮುಂಗಡ ಕೊಟ್ಟಿರುತ್ತಾನೆ. ಹಡಗು ಹೊರಡುವುದಿಲ್ಲ. ಕಾದು, ಕೈಯಿಂದ ಖರ್ಚು ಮಾಡಿಕೊಂಡು, ಬೇರೆ ಹಡಗು ಹಿಡಿದು, ತಡವಾಗಿ ಸಿಡ್ನಿ ಸೇರಿ ಅಲ್ಲಿ ಒಂದು ಮೊತ್ತ ಕಳೆದುಕೊಳ್ಳುತ್ತಾನೆ. ಅವನ ಮುಂಗಡ ಬಡ್ಡಿಸಮೇತ ವಾಪಸು ಬರಬೇಕು, ಕಲ್ಕತ್ತೆಯಲ್ಲಿ ಕಾದ ಖರ್ಚು ಬರಬೇಕು, ಎರಡನೆಯ ಹಡಗಿಗೆ ತೆತ್ತ ಹೆಚ್ಚಿನ ದರ ಬರಬೇಕು. ತಡವಾಗಿ ಸೇರಿದ್ದರಿಂದ ಸಿಡ್ನಿಯಲ್ಲಿ ಕಳೆದುಕೊಂಡದ್ದು ಮಾತ್ರ ಬರುವುದಿಲ್ಲ ಎನ್ನುತ್ತದೆ ಕಾಯಿದೆ. ಕಾಯುವ ಖರ್ಚು ಉಂಟು, ಕಾದದ್ದರಿಂದ ತಪ್ಪಿಹೋದದ್ದಕ್ಕೆ ಇಲ್ಲ.

ಈ ಗೆರೆ ಬಡವನ ಮೇಲೆ ಹೇಗೆ ಬಿತ್ತು ಎಂಬುದಕ್ಕೆ 1898ರ ಮದರಾಸು ಹೈಕೋರ್ಟಿನ ಒಂದು ತೀರ್ಪನ್ನು ನೋಡಬೇಕು. ಒಬ್ಬ ದರ್ಜಿ. ಒಂದು ಊರಿನ ಉತ್ಸವದಲ್ಲಿ ಚೆನ್ನಾಗಿ ಕೆಲಸ ಸಿಗುತ್ತದೆಂದು ತನ್ನ ಹೊಲಿಗೆ ಯಂತ್ರವನ್ನೂ ಬಟ್ಟೆಯ ಗಂಟನ್ನೂ ರೈಲಿಗೆ ಹಾಕಿದ. ಸಾಮಾನು ತಡವಾಗಿ ಬಂತು, ಉತ್ಸವ ಮುಗಿದುಹೋಯಿತು. ಬರಬೇಕಾಗಿದ್ದ ಲಾಭವನ್ನು ರೈಲ್ವೆ ಕಂಪನಿ ಕೊಡಬೇಕೆಂದು ಆತ ಕೇಳಿದ. ಈ ಯಂತ್ರ ಉತ್ಸವಕ್ಕಾಗಿ ಹೋಗುತ್ತಿದೆ ಎಂಬುದು ಕಂಪನಿಗೆ ತಿಳಿದಿರಲಿಲ್ಲ, ಆದ್ದರಿಂದ ಲಾಭದ ಮಾತಿಲ್ಲ ಎಂದು ತೀರ್ಮಾನವಾಯಿತು. ಕಾಯಿದೆಯ ದೃಷ್ಟಿಯಲ್ಲಿ ತೀರ್ಪು ಸರಿಯೇ. ಬುಕ್ಕಿಂಗ್ ಗುಮಾಸ್ತನಿಗೆ ಪ್ರತಿಯೊಬ್ಬನ ಮನೆ ಕತೆ ಗೊತ್ತಿರಲು ಸಾಧ್ಯವಿಲ್ಲ. ಆದರೆ ಜಾತ್ರೆಯ ಕಾಲದಲ್ಲಿ ಜಾತ್ರೆಯ ಊರಿಗೆ ಹೋಗುವ ದರ್ಜಿಯ ಯಂತ್ರ ಮತ್ತೆ ಯಾವುದಕ್ಕೆ ಹೋಗುತ್ತದೆ? ಗೊತ್ತಿರುವುದು ಬೇರೆ, ಗೊತ್ತಿದೆಯೆಂದು ಒಪ್ಪುವುದು ಬೇರೆ. ಜಾತ್ರೆಗೆ ಹೆಚ್ಚುವರಿ ಗಾಡಿ ಬಿಟ್ಟು ದುಡ್ಡು ಎಣಿಸುವಾಗ ಜಾತ್ರೆ ನೆನಪಿರುತ್ತದೆ. ನಷ್ಟ ಕೊಡುವಾಗ ಮರೆತುಹೋಗುತ್ತದೆ.

ನ್ಯಾಯಾಲಯದ ಮೆಟ್ಟಿಲು ಹತ್ತುವಷ್ಟು ಚೈತನ್ಯ ಆ ದರ್ಜಿಗಿತ್ತು. ಮೂರನೆಯ ದರ್ಜೆಯ ಹೆಚ್ಚಿನವರಿಗೆ ಅದಿರಲಿಲ್ಲ. ಅವರ ಪಾಲಿಗಿದ್ದದ್ದು ಅರ್ಜಿ ಒಂದೇ. ಆ ಅರ್ಜಿಗಳಲ್ಲಿ ಪ್ರಸಿದ್ಧವಾದದ್ದು 1909ರಲ್ಲಿ ಓಖಿಲ್ ಚಂದ್ರ ಸೇನ್ ಎಂಬವರು ಸಾಹಿಬ್‌ಗಂಜಿನ ರೈಲ್ವೆ ಕಚೇರಿಗೆ ಬರೆದ ಇಂಗ್ಲಿಷ್ ಪತ್ರ. ಅದನ್ನು ದೆಹಲಿಯ ರೈಲು ವಸ್ತುಸಂಗ್ರಹಾಲಯದಲ್ಲಿ ಇಟ್ಟು ತೋರಿಸಿದ್ದಾರೆ. ಹಲಸಿನ ಹಣ್ಣು ತಿಂದು ಹೊಟ್ಟೆ ಉಬ್ಬರಿಸಿ, ಅಹ್ಮದ್‌ಪುರ ಸ್ಟೇಷನ್ನಿನಲ್ಲಿ ಇಳಿದು ಹೊರಕಡೆಗೆ ಹೋಗಿದ್ದಾಗ ಗಾರ್ಡು ಸೀಟಿ ಊದಿಬಿಟ್ಟ. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಪಂಚೆ ಹಿಡಿದು ಓಡಿ, ಪ್ಲಾಟ್‌ಫಾರಂ ಮೇಲೆ ಗಂಡಸರು ಹೆಂಗಸರೆನ್ನದೆ ಎಲ್ಲರ ಮುಂದೆ ಬಿದ್ದು, ಗಾಡಿಯೂ ತಪ್ಪಿತು ಎಂದು ಅವರು ಬರೆದಿದ್ದಾರೆ. ಅವರ ಇಂಗ್ಲಿಷನ್ನು ಓದಿ ನಗುವವರೇ ಹೆಚ್ಚು. ನಾನು ಗಮನಿಸಿದ್ದು ಅವರು ಕೇಳಿದ್ದೇನು ಎಂಬುದನ್ನು. ತನಗಾದ ನಷ್ಟಕ್ಕೆ ಹಣ ಕೇಳಲಿಲ್ಲ. ಸಾರ್ವಜನಿಕರ ಹಿತಕ್ಕಾಗಿ ಆ ಗಾರ್ಡಿಗೆ ದೊಡ್ಡ ದಂಡ ಹಾಕಿ, ಇಲ್ಲವಾದರೆ ಪತ್ರಿಕೆಗೆ ಬರೆಯುತ್ತೇನೆ ಎಂದರು. ಹೋದದ್ದು ಮಾನ, ಮಾನಕ್ಕೆ ಕಂಪನಿಯ ಖಜಾನೆಯಲ್ಲಿ ನಾಣ್ಯವಿಲ್ಲ ಎಂದು ಅವರಿಗೆ ತಿಳಿದಿತ್ತು. ಎಂಟು ವರ್ಷಗಳ ಮೇಲೆ, 1917ರಲ್ಲಿ, ಗಾಂಧಿಯವರು ತಾವು ಮೂರನೆಯ ದರ್ಜೆಯಲ್ಲಿ ತಿರುಗಿ ಕಂಡ ನೂಕುನುಗ್ಗಲು, ಕೊಳಕು, ಉಪೇಕ್ಷೆಗಳನ್ನು ಪತ್ರಿಕೆಗಳಿಗೆ ಬರೆದರು. ಅಲ್ಲೂ ಕೇಳಿದ್ದು ಜೇಬಿಗೆ ಬರುವ ಹಣವನ್ನಲ್ಲ, ಮನುಷ್ಯನನ್ನು ಮನುಷ್ಯನಂತೆ ಕಾಣುವುದನ್ನು.

ಇಪ್ಪತ್ತನೆಯ ಶತಮಾನದ ಕೊನೆಗೆ ಈ ವಿಷಯದಲ್ಲಿ ಒಂದು ದೊಡ್ಡ ಬದಲಾವಣೆಯಾಯಿತು. ದಾವೆಯ ಜಾಗಕ್ಕೆ ದರಪಟ್ಟಿ ಬಂತು. ಬ್ರಿಟನ್ನಿನಲ್ಲಿ ರೈಲು ಇನ್ನೂ ಸರ್ಕಾರದ್ದಾಗಿದ್ದಾಗಲೇ, 1992ರಲ್ಲಿ, ಪ್ರಯಾಣಿಕರ ಸನ್ನದು ಎಂಬುದೊಂದು ಹೊರಬಿತ್ತು. ಬಹಳ ತಡವಾದರೆ ಮುಂದಿನ ಪ್ರಯಾಣಕ್ಕೆ ಉಪಯೋಗಿಸಬಹುದಾದ ವೋಚರು. ರೈಲು ಖಾಸಗಿ ಕಂಪನಿಗಳ ಕೈಗೆ ಹೋದ ಮೇಲೆ, 2007ರಿಂದ, ಗುತ್ತಿಗೆ ಹೊಸದಾದಂತೆಲ್ಲ ಹೊಸ ಕ್ರಮ ಸೇರಿತು: 30 ನಿಮಿಷ ತಡವಾದರೆ ಅರ್ಧ ದರ, ಒಂದು ಗಂಟೆಯಾದರೆ ಆ ಪ್ರಯಾಣದ ಪೂರ್ತಿ ದರ, ಎರಡು ಗಂಟೆ ದಾಟಿದರೆ ಹೋಗಿಬರುವ ಟಿಕೇಟಿನ ಪೂರ್ತಿ ಹಣ. 2016ರಿಂದ ಕೆಲವು ಕಂಪನಿಗಳು 15 ನಿಮಿಷಕ್ಕೂ ಕಾಲುಭಾಗ ಕೊಡತೊಡಗಿದವು. ಇದರ ವಿಶೇಷವೆಂದರೆ ತಪ್ಪು ಯಾರದು ಎಂದು ಯಾರೂ ಕೇಳುವುದಿಲ್ಲ. ಹಳಿಯ ಮೇಲೆ ಎಲೆ ಬಿದ್ದಿರಲಿ, ಸಿಗ್ನಲ್ ಕೆಟ್ಟಿರಲಿ, ಗಡಿಯಾರ ನೋಡು, ಹಣ ತೆಗೆದುಕೋ.

ಯುರೋಪಿನ ಒಕ್ಕೂಟದಲ್ಲಿ 2009ರ ಡಿಸೆಂಬರಿನಿಂದ ಇಂಥದೇ ಕಾನೂನು ಜಾರಿಗೆ ಬಂತು: ಒಂದು ಗಂಟೆಗೆ ಕಾಲುಭಾಗ, ಎರಡು ಗಂಟೆಗೆ ಅರ್ಧ. ಪ್ರವಾಹ, ಬಿರುಗಾಳಿ ಮುಂತಾದ ದೈವಿಕ ಕಾರಣಗಳಿಂದ ತಡವಾದರೆ ಕೊಡಬೇಕಿಲ್ಲವಲ್ಲ ಎಂದು ಆಸ್ಟ್ರಿಯದ ರೈಲ್ವೆ ಕೇಳಿತು. ಆಗಲೂ ಕೊಡಬೇಕು ಎಂದು ಒಕ್ಕೂಟದ ನ್ಯಾಯಾಲಯ 2013ರಲ್ಲಿ ಹೇಳಿತು. ಅದರ ತರ್ಕ ಸರಳ: ಇದು ಶಿಕ್ಷೆಯಲ್ಲ, ಹೊತ್ತಿಗೆ ಸೇರಿಸುವ ಸೇವೆಗೆಂದು ಹಣ ತೆಗೆದುಕೊಂಡಿದ್ದೀರಿ, ಆ ಸೇವೆ ಸಿಗಲಿಲ್ಲ, ಅದರ ಪಾಲನ್ನು ಹಿಂದಕ್ಕೆ ಕೊಡಿ. ರೈಲ್ವೆಯವರು ಸುಮ್ಮನಿರಲಿಲ್ಲ. 2023ರ ಜೂನಿನಲ್ಲಿ ಜಾರಿಗೆ ಬಂದ ಹೊಸ ನಿಯಮದಲ್ಲಿ ಅಸಾಧಾರಣ ಹವಾಮಾನದಂಥ ಕಾರಣಗಳಿಗೆ ವಿನಾಯಿತಿ ಸೇರಿಕೊಂಡಿತು. ಹಳೆಯ ಸಣ್ಣ ಅಕ್ಷರದ ಸಾಲು ಮತ್ತೆ ತಲೆಯೆತ್ತಿತು ಎನ್ನಬೇಕು.

ನಮ್ಮ ದೇಶದಲ್ಲಿ ರೈಲು ವ್ಯಾಜ್ಯಗಳಿಗಾಗಿಯೇ 1987ರಲ್ಲಿ ಒಂದು ನ್ಯಾಯಮಂಡಳಿಯ ಕಾಯಿದೆಯಾಯಿತು. 1989ರ ನವೆಂಬರಿನಿಂದ ಮಂಡಳಿ ಕೆಲಸ ಮಾಡತೊಡಗಿತು. ಕಳೆದುಹೋದ ಸರಕು, ಅಪಘಾತದ ಪರಿಹಾರ, ಟಿಕೇಟಿನ ಹಣದ ವಾಪಸಾತಿ, ಇವು ಅದರ ಕಕ್ಷೆಯಲ್ಲಿವೆ. ಬರಿದೆ ತಡವಾದದ್ದಕ್ಕೆ ಅಲ್ಲಿ ಬಾಗಿಲಿಲ್ಲ. ಆ ಬಾಗಿಲನ್ನು ತೆರೆದದ್ದು 1986ರ ಗ್ರಾಹಕ ರಕ್ಷಣಾ ಕಾಯಿದೆ. ಟಿಕೇಟು ಕೊಂಡವನು ಗ್ರಾಹಕ, ಪ್ರಯಾಣ ಒಂದು ಸೇವೆ, ತಡ ಎಂಬುದು ಸೇವೆಯ ಕೊರತೆ ಎಂದು ಜಿಲ್ಲಾ ವೇದಿಕೆಗಳಲ್ಲಿ ಜನ ವಾದಿಸಿದರು. ರೈಲ್ವೆಯ ಕೈಯಲ್ಲಿ ಅದರ ದರಪುಸ್ತಕದ 114 ಮತ್ತು 115ನೆಯ ನಿಯಮಗಳಿದ್ದವು: ಗಾಡಿ ಹೊತ್ತಿಗೆ ಬರುವ ಖಾತ್ರಿ ಇಲ್ಲ, ತಡಕ್ಕೆ ಹೊಣೆಯಿಲ್ಲ. ಲೆ ಬ್ಲಾಂಶನ ಕಾಲದ ಅದೇ ಸಾಲು, ಬೇರೆ ಭಾಷೆಯಲ್ಲೂ ಅಲ್ಲ!

ಈ ನಿಯಮಗಳು ಸುಪ್ರೀಂ ಕೋರ್ಟಿನ ಮುಂದೆ 2021ರ ಸೆಪ್ಟೆಂಬರಿನಲ್ಲಿ ಬಂದವು. 2016ರ ಜೂನಿನಲ್ಲಿ ಒಂದು ಕುಟುಂಬ ಅಜ್ಮೇರ್–ಜಮ್ಮು ಗಾಡಿಯಲ್ಲಿ ಹೋಗಿತ್ತು. ಗಾಡಿ ಬೆಳಿಗ್ಗೆ 8 ಗಂಟೆಯ ಸುಮಾರಿಗೆ ಜಮ್ಮು ಸೇರಬೇಕಿತ್ತು. ಸೇರಿದ್ದು ಸುಮಾರು ನಾಲ್ಕು ಗಂಟೆ ತಡವಾಗಿ. ಮಧ್ಯಾಹ್ನ 12ಕ್ಕೆ ಹೊರಡುವ ಶ್ರೀನಗರದ ವಿಮಾನ ತಪ್ಪಿತು. 15,000 ರೂಪಾಯಿ ಕೊಟ್ಟು ಟ್ಯಾಕ್ಸಿಯಲ್ಲಿ ಹೋದರು; ದಾಲ್ ಸರೋವರದ ದೋಣಿಮನೆಗೆ ಕಟ್ಟಿದ್ದ ಹಣವೂ ಕೈಬಿಟ್ಟಿತು. ಅಲ್ವರಿನ ಜಿಲ್ಲಾ ವೇದಿಕೆ ಟ್ಯಾಕ್ಸಿಯ 15,000, ಕಾದಿರಿಸಿದ್ದಕ್ಕೆ 10,000, ಮನೋವೇದನೆಗೂ ದಾವೆಯ ಖರ್ಚಿಗೂ ತಲಾ 5,000 ರೂಪಾಯಿ ಕೊಡಿಸಿತು. ರೈಲ್ವೆ ಮೇಲಿಂದ ಮೇಲೆ ಹೋಗಿ ಎಲ್ಲ ಕಡೆಯೂ ಸೋತಿತು. ಸುಪ್ರೀಂ ಕೋರ್ಟು ಹೇಳಿದ ಮುಖ್ಯ ಮಾತು ಇಷ್ಟು: ತಡಕ್ಕೆ ಕಾರಣ ಏನು, ಅದು ತನ್ನ ಕೈಮೀರಿದ್ದು ಎಂದು ತೋರಿಸುವ ಭಾರ ರೈಲ್ವೆಯದು, ತೋರಿಸದಿದ್ದರೆ ಪರಿಹಾರ ಕೊಡಬೇಕು. ಪ್ರತಿಯೊಬ್ಬ ಪ್ರಯಾಣಿಕನ ಹೊತ್ತಿಗೂ ಬೆಲೆಯಿದೆ.

ಭಾರ ಯಾರ ಮೇಲೆ ಎಂಬುದು ವಕೀಲರ ಮಾತಿನಂತೆ ಕೇಳಿಸಬಹುದು. ಸಾಮಾನ್ಯನಿಗೆ ಅದೇ ಎಲ್ಲ. ಸಿಗ್ನಲ್ ಪುಸ್ತಕ, ಗಾರ್ಡಿನ ಡೈರಿ, ಕಂಟ್ರೋಲಿನ ದಾಖಲೆ ಎಲ್ಲವೂ ರೈಲ್ವೆಯ ಕಪಾಟಿನಲ್ಲಿವೆ. ಪ್ರಯಾಣಿಕನ ಕೈಯಲ್ಲಿರುವುದು ಒಂದು ಟಿಕೇಟು, ಒಂದು ಕೈಗಡಿಯಾರ.

ದರಪಟ್ಟಿಯ ಪದ್ಧತಿ ಇಲ್ಲಿಗೂ ಒಮ್ಮೆ ಬಂದಿತ್ತು. 2019ರ ಅಕ್ಟೋಬರಿನಲ್ಲಿ ಲಖನೌ–ದೆಹಲಿ ತೇಜಸ್ ಗಾಡಿ ಆರಂಭವಾದಾಗ ಒಂದು ಗಂಟೆಗಿಂತ ಹೆಚ್ಚು ತಡವಾದರೆ 100 ರೂಪಾಯಿ, ಎರಡು ಗಂಟೆ ಮೀರಿದರೆ 250 ರೂಪಾಯಿ ಎಂದು ಸಾರಿದರು. ಅದೇ ತಿಂಗಳು ತಡವಾದಾಗ ಕೊಟ್ಟರು ಕೂಡ. 2024ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಿದರು. ಉಳಿದ ಗಾಡಿಗಳಿಗೆ ಇರುವುದು 2015ರ ನಿಯಮ: ಹತ್ತಬೇಕಾದ ಸ್ಟೇಷನ್ನಿನಲ್ಲಿ ಗಾಡಿ ಮೂರು ಗಂಟೆಗಿಂತ ಹೆಚ್ಚು ತಡವಾಗಿ, ನೀವು ಪ್ರಯಾಣವನ್ನೇ ಕೈಬಿಟ್ಟು, ಗಾಡಿ ನಿಜವಾಗಿ ಹೊರಡುವುದರೊಳಗೆ ಟಿಕೇಟನ್ನು ಒಪ್ಪಿಸಿದರೆ ಅಥವಾ ಅರ್ಜಿ ಹಾಕಿದರೆ ಪೂರ್ತಿ ಹಣ ವಾಪಸು. ಕಾದು ಹತ್ತಿದವನಿಗೆ ಏನೂ ಇಲ್ಲ. ತಾಳಿದವನು ಬಾಳಿಯಾನು ಎಂಬುದನ್ನು ಈ ನಿಯಮ ಬರೆದವರು ಕೇಳಿದ್ದಂತಿಲ್ಲ.

ಮಥುರೆಯ ವಕೀಲರೊಬ್ಬರ ಕತೆಯನ್ನೂ ಇಲ್ಲಿ ಸೇರಿಸಬೇಕು. ಅದು ತಡದ ವಿಷಯವಲ್ಲ, ಚಿಲ್ಲರೆಯ ವಿಷಯ. 1999ರ ಡಿಸೆಂಬರಿನಲ್ಲಿ 35 ರೂಪಾಯಿಯ ಎರಡು ಟಿಕೇಟಿಗೆ 100ರ ನೋಟು ಕೊಟ್ಟರೆ 30ರ ಬದಲು 10 ರೂಪಾಯಿ ಹಿಂದಕ್ಕೆ ಬಂತು. ಇಂಥ ದೂರು ಹೋಗಬೇಕಾದ್ದು ನ್ಯಾಯಮಂಡಳಿಗೆ, ಗ್ರಾಹಕ ನ್ಯಾಯಾಲಯಕ್ಕಲ್ಲ ಎಂದು ರೈಲ್ವೆ ವಾದಿಸಿತು. ನೂರಕ್ಕೂ ಹೆಚ್ಚು ಸಲ ವಿಚಾರಣೆ ನಡೆದು 2022ರ ಆಗಸ್ಟಿನಲ್ಲಿ ತೀರ್ಪಾಯಿತು: 20 ರೂಪಾಯಿ ಬಡ್ಡಿಸಹಿತ, ಜೊತೆಗೆ 15,000 ರೂಪಾಯಿ. 20 ರೂಪಾಯಿಗೆ 22 ವರ್ಷ! ಹುಚ್ಚು ಎನ್ನುವವರು ಎನ್ನಲಿ. ಇಂಥ ಕೆಲವರ ಹಟದಿಂದಲೇ ಉಳಿದವರಿಗೆ ದಾರಿ ಸವೆದಿದೆ.

ಇಷ್ಟನ್ನೆಲ್ಲ ಹೇಳಿದ ಮೇಲೂ ನನ್ನ ಮನಸ್ಸಿನಲ್ಲಿ ಒಂದು ತೊಡಕು ಉಳಿದಿದೆ. ಗೆದ್ದವರ ಪಟ್ಟಿಯಲ್ಲಿ ವಿಮಾನ ತಪ್ಪಿಸಿಕೊಂಡವರಿದ್ದಾರೆ, ವಕೀಲರಿದ್ದಾರೆ. ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಪಟ್ಟಣಕ್ಕೆ ಕೂಲಿಗೆ ಹೋಗುವವನಿಲ್ಲ. ಗಾಡಿ ಒಂದೂವರೆ ಗಂಟೆ ತಡವಾದರೆ ಅವನಿಗೆ ಅರ್ಧ ದಿನದ ಕೂಲಿ ಹೋಗುತ್ತದೆ; ಮೇಸ್ತ್ರಿ ಬೇರೆಯವನನ್ನು ಕೆಲಸಕ್ಕೆ ಹಚ್ಚಿದ್ದರೆ ಇಡೀ ದಿನದ್ದೇ ಹೋಗುತ್ತದೆ. ಯುರೋಪಿನ ದರಪಟ್ಟಿಯನ್ನು ನಾಳೆಯೇ ಇಲ್ಲಿ ಜಾರಿಗೆ ತಂದರೂ ಅವನಿಗೆ ಸಿಗುವುದೆಷ್ಟು? ಟಿಕೇಟಿನ ದರದಲ್ಲಿ ಪಾಲು ಕೊಡುವ ಯಾವ ಕ್ರಮದಲ್ಲೂ ಅಗ್ಗದ ಟಿಕೇಟಿನವನ ಹೊತ್ತು ಅಗ್ಗವೇ. ಹತ್ತು ರೂಪಾಯಿ ಟಿಕೇಟಿಗೆ ಎರಡೂವರೆ ರೂಪಾಯಿ. ಇನ್ನು ಕರಾರಿನ ಕಾಯಿದೆಗೆ ಹೋದರೆ, ಅವನ ಕೂಲಿ ಸಿಡ್ನಿಯಲ್ಲಿ ಕಳೆದ ಹಣದಂತೆ 'ದೂರ'ದ ನಷ್ಟ.

ದೂರದ್ದೇ? ಗಿರಣಿಯ ದಂಡ ಒಯ್ದವನಿಗೆ ಗಿರಣಿ ನಿಂತದ್ದು ತಿಳಿದಿರಲಿಲ್ಲ ಎಂದು ಹೇಳಬಹುದು. ದರ್ಜಿಯ ಉತ್ಸವ ಗುಮಾಸ್ತನಿಗೆ ತಿಳಿದಿರಲಿಲ್ಲ ಎಂದೂ ವಾದಿಸಬಹುದು. ಆದರೆ ಬೆಳಗಿನ ಪ್ಯಾಸೆಂಜರಿನಲ್ಲಿ ಬುತ್ತಿಯ ಡಬ್ಬಿ ಹಿಡಿದು ಹತ್ತುವವರು ಎಲ್ಲಿಗೆ ಹೋಗುತ್ತಾರೆ ಎಂಬುದು ರೈಲ್ವೆಗೆ ತಿಳಿಯದು ಎನ್ನಲು ಬರುವುದಿಲ್ಲ. ಅವರು ಕೆಲಸಕ್ಕೆ ಹೋಗುತ್ತಾರೆಂದೇ ಆ ಗಾಡಿಗೆ ಆ ಹೊತ್ತನ್ನು ಗೊತ್ತುಮಾಡಿದ್ದು, ತಿಂಗಳ ಪಾಸು ಕೊಟ್ಟಿದ್ದು. 1854ರ ತತ್ವವನ್ನು ಅದರ ಮಾತಿನಂತೆಯೇ ಹಿಡಿದರೂ ಈ ನಷ್ಟ ಎರಡು ಕಡೆಯವರಿಗೂ ಮೊದಲೇ ತಿಳಿದದ್ದು. ಕೇಳುವವರು ಬಂದಿಲ್ಲ, ಅಷ್ಟೆ. ಬರಬೇಕಾದರೆ ಅವನು ಇನ್ನೊಂದು ದಿನದ ಕೂಲಿ ಬಿಟ್ಟು ಜಿಲ್ಲಾ ವೇದಿಕೆಗೆ ಹೋಗಬೇಕು. ಆ ದಿನವೂ ಅವನು ಹೋಗುವುದು ಅದೇ ಗಾಡಿಯಲ್ಲಿ.